ಏಳನೇ ಕಾರ್ಡಿನ ಹುಡುಗಿ

ಮಕ್ಕಳು ಅವಳಿಗೆ ಯಾಕಮ್ಮ ಅಂತ ಹೆಸರಿಟ್ಟಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅವಳ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಮ್ಮಿ ಅದೊಂದೇ ಮಾತು. ಹುಡುಗ ಕದ್ದದ್ದು ಸರಿಯೇ? ಸರಿಯಲ್ಲ. ಯಾಕೆ? ಪೊಲೀಸರು ಹಿಡೀತಾರೆ. ಪೊಲೀಸರೇ ಇಲ್ಲದಿದ್ದರೆ? ಆಗಲೂ ಸರಿಯಲ್ಲ. ಯಾಕೆ? ಅಷ್ಟು ಹೊತ್ತಿಗೆ ಮಗುವಿನ ಕಣ್ಣು ಕಿಟಕಿ ದಾಟಿ ಆಟದ ಬಯಲಿಗೆ ಓಡಿಹೋಗಿರುತ್ತಿತ್ತು.

ಅವಳ ಮೇಲೊಬ್ಬರು ಪ್ರೊಫೆಸರ್ ಇದ್ದರು. ಸರಿ ತಪ್ಪು, ಹಕ್ಕು ಅನ್ನೋದನ್ನು ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅವರು ಏಳು ದೇಶಗಳಲ್ಲಿ ಒಂದೇ ಹತ್ತು ಕಾರ್ಡು ಇಟ್ಟುಕೊಂಡು ಕೇಳಿಸುತ್ತಿದ್ದರು. ಈ ಶಾಲೆಯವರು ಯಾಕಮ್ಮನಿಗೆ ಬಿಟ್ಟುಕೊಟ್ಟಿದ್ದು ಹಳೆಯ ನಕ್ಷೆಗಳನ್ನು ಸುತ್ತಿಡುವ ಕೋಣೆ. ಒಂದು ಮೇಜು, ಎರಡು ಕುರ್ಚಿ, ಒಂದು ರೆಕಾರ್ಡರು. ಮಗು ಬಂದು ಕೂತ ತಕ್ಷಣ ಅವಳು ಓದಬೇಕಾದ ಸಾಲು ಹೀಗಿತ್ತು: ನೀನು ಹೇಳಿದ್ದು ಈ ಬಾಗಿಲು ದಾಟುವುದಿಲ್ಲ, ಯಾವಾಗ ಬೇಕಾದರೂ ನೀನು ಎದ್ದು ಹೋಗಬಹುದು, ಅದು ನಿನ್ನ ಹಕ್ಕು. ಆಮೇಲೆ ಕಾರ್ಡು. ಮಗು ಏನೇ ಹೇಳಲಿ, ಸರಿ ಅನ್ನುವಂತಿಲ್ಲ, ತಪ್ಪು ಅನ್ನುವಂತಿಲ್ಲ, ತಲೆ ಕೂಡ ಆಡಿಸುವಂತಿಲ್ಲ. ತಲೆ ಆಡಿಸದೆ ಆಡಿಸದೆ ಅವಳ ಕುತ್ತಿಗೆ ಹಿಡಿದುಕೊಂಡು, ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತಿದ್ದಳು. ಮಗು ತನ್ನ ಮನೆಯ ಸುದ್ದಿ ಎತ್ತಿದರೆ ಮಾತ್ರ ಒಂದು ಬೆರಳು ಎತ್ತಬೇಕು, ನಗುನಗುತ್ತಲೇ. ಮನೆಯ ಸುದ್ದಿ ಬಂದರೆ ಉತ್ತರ ಕೆಡುತ್ತದೆ ಅಂತ ಪ್ರೊಫೆಸರ್ ಲೆಕ್ಕಾಚಾರ. ಕಾರ್ಡಿನ ಮನೆಯ ಮಾತಷ್ಟೇ ಆಡಬೇಕು.

ಉತ್ತರಕ್ಕೆ ಒಂದರಿಂದ ಐದರವರೆಗೆ ಅಂಕ. ಅಪ್ಪ ಹೊಡೀತಾನೆ ಅದಕ್ಕೆ ತಪ್ಪು ಅಂದರೆ ಒಂದು. ಎಲ್ಲರೂ ಹಾಗೇ ಮಾಡ್ತಾರೆ ಅಂದರೆ ಮೂರು. ಐದು ಸಿಗಬೇಕಾದರೆ ಮಗು ಯಾರ ಹೆದರಿಕೆಯೂ ಇಲ್ಲದೆ ತನ್ನ ತಲೆಯಿಂದಲೇ ನ್ಯಾಯ ತೆಗೆಯಬೇಕು. ಹನ್ನೊಂದು ದಿನವಾಗಿತ್ತು, ಯಾಕಮ್ಮನಿಗೆ ಒಂದೇ ಒಂದು ಐದು ಸಿಕ್ಕಿರಲಿಲ್ಲ. ಇನ್ಯಾವುದೋ ದೇಶದ ತಂಡಕ್ಕೆ ಹತ್ತೊಂಬತ್ತು ಸಿಕ್ಕಿದೆಯಂತೆ. ಅವಳಿಗೆ ಹೊಟ್ಟೆಕಿಚ್ಚು. ಬೇರೆಯವರ ಚಿನ್ನ ಕಂಡು ಹೊಟ್ಟೆ ಉರಿಸಿಕೊಳ್ಳುವವರನ್ನು ನೋಡಿದ್ದೇನೆ, ಬೇರೆ ದೇಶದ ಮಕ್ಕಳ ನ್ಯಾಯಬುದ್ಧಿ ಕಂಡು ಉರಿಸಿಕೊಂಡವಳು ಇವಳೊಬ್ಬಳೇ.

ಹನ್ನೆರಡನೇ ದಿನ ಕೋಣೆಯ ಬಾಗಿಲು ಸರಿಯಾಗಿ ಮುಚ್ಚದೆ, ಹೊರಗಿನ ಗದ್ದಲವೆಲ್ಲ ರೆಕಾರ್ಡರಿಗೆ ಬೀಳುತ್ತಿದೆ ಅಂತ ಬೀಗದ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ದುಂಡು ಮುಖದ ಮನುಷ್ಯ, ಮಾತುಗಾರ. ಶಾಲೆಯ ಎದುರು ಬೀದಿಯಲ್ಲಿ ಅವನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಚಿಲಕ ಬಿಚ್ಚಿ, ಎಣ್ಣೆ ಬಿಟ್ಟು, ಕೂಡಿಸುವಷ್ಟರಲ್ಲಿ ನಾಲ್ಕು ಜೋಕು ಹೇಳಿದ. ಮಗಳ ಒಪ್ಪಿಗೆ ಪತ್ರಕ್ಕೂ ಅಲ್ಲೇ ನಿಂತು ಸಹಿ ಹಾಕಿದ.

"ಆರನೇ ಕ್ಲಾಸು. ನಾವು ಅವಳಿಗೆ ವಕೀಲಮ್ಮ ಅಂತೀವಿ," ಅಂದ. "ಒಂದು ಮಾತಂದ್ರೆ ನಾಲ್ಕು ವಾಪಸ್ಸು. ತಲೆ ಚಿಟ್ಟು ಹಿಡಿಸ್ತಾಳೆ. ಬೇಕಾದ್ರೆ ನೀವೇ ಇಟ್ಕೊಂಡ್ಬಿಡಿ, ಮೇಡಂ."

ಯಾಕಮ್ಮ ನಕ್ಕಳು. ಮೇಸ್ತ್ರಿ ಅವಳಿಗೆ ಹಿಡಿಸಿದ್ದ. ಇದನ್ನು ಮುಚ್ಚಿಡುವುದು ಬೇಡ.

ಮಾರನೇ ದಿನ ಮೂರೂವರೆಗೆ ವಕೀಲಮ್ಮ ಬಂದಳು. ಸಣಕಲು ಹುಡುಗಿ, ಬೆರಳ ತುದಿ ಬೀಗದ ಮಸಿ ಹಿಡಿದು ಕಪ್ಪು. ಜಾಮಿಟ್ರಿ ಡಬ್ಬಿಯಲ್ಲಿ ಕೈವಾರದ ಪಕ್ಕ ತುದಿ ಬಗ್ಗಿಸಿದ ಒಂದು ತಂತಿ ಇಟ್ಟುಕೊಂಡಿದ್ದಳು. ಬೇರೆ ಮಕ್ಕಳು ಕಿವಿಗೇ ಹಾಕಿಕೊಳ್ಳದ ಶುರುವಿನ ಸಾಲನ್ನು ಅವಳು ಗಮನವಿಟ್ಟು ಕೇಳಿದಳು.

"ನಾನು ಹೇಳಿದ್ದು ಬಾಗಿಲು ದಾಟಲ್ವಾ?"

"ದಾಟಲ್ಲ."

"ನಾನೇ ದಾಟ್ಲಿ ಅಂದ್ರೆ?"

ಇದಕ್ಕೆ ಪ್ರೊಫೆಸರ್ ಕೊಟ್ಟ ನಿಯಮದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. "ಮೊದಲು ಕಾರ್ಡು ನೋಡೋಣ," ಅಂದಳು ಯಾಕಮ್ಮ.

ಆರು ಕಾರ್ಡು ಬೇಗ ಬೇಗ ಮುಗಿದವು. ಏಳನೆಯದರಲ್ಲಿ ಒಂದು ಮುಚ್ಚಿದ ಬಾಗಿಲು, ಹೊರಗೆ ಒಬ್ಬ ಹುಡುಗಿ. ತಟ್ಟೆ ಒಡೆದದ್ದಕ್ಕೆ ಅಪ್ಪ ತಮ್ಮನನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದಾನೆ, ನಾನು ಬರೋತನಕ ತೆಗೀಬೇಡ ಅಂದು ಹೊರಗೆ ಹೋಗಿದ್ದಾನೆ, ತಮ್ಮ ಒಳಗೆ ಅಳುತ್ತಿದ್ದಾನೆ. ಎಲ್ಲ ದೇಶದಲ್ಲೂ ಇರುವ ಶಿಕ್ಷೆ ಅಂತಲೇ ಪ್ರೊಫೆಸರ್ ಇದನ್ನು ಆರಿಸಿದ್ದು.

ಹುಡುಗಿ ಕಾರ್ಡನ್ನು ಹತ್ತಿರ ಎಳೆದುಕೊಂಡಳು. "ನಮ್ಮನೇಲೂ ತಮ್ಮನ್ನ..."

ಯಾಕಮ್ಮನ ಬೆರಳು ಮೇಲೆ ಹೋಯಿತು. ನಗುನಗುತ್ತಲೇ.

ಹುಡುಗಿ ಬೆರಳನ್ನು ನೋಡಿದಳು. ಕಾರ್ಡನ್ನು ನೋಡಿದಳು. "ಸರಿ. ಈ ಹುಡುಗಿ ಮನೇಲಿ," ಅಂದಳು. "ಒಳಗೆ ಗಾಳಿ ಆಡುತ್ತಾ?"

"ನಿನಗೇನನ್ಸುತ್ತೆ?"

"ಮೊದಲು ಮರದ ಬೀರು ಇತ್ತು ಅಂತಿಟ್ಕೊಳ್ಳಿ. ಅದರಲ್ಲಿ ಸಂದು ಇರುತ್ತೆ. ಈಗ ಬೇರೆಯವರದ್ದು ಒಂದು ಕಬ್ಬಿಣದ ಪೆಟ್ಟಿಗೆ ರಿಪೇರಿಗೆ ಬಂದಿದೆ. ಅದಕ್ಕೆ ಅಂಚಿಗೆಲ್ಲ ರಬ್ಬರು. ನೀರು ಹಾಕಿದ್ರೂ ಒಳಗೆ ಹೋಗಲ್ಲ."

"ಹುಡುಗಿ ಬಾಗಿಲು ತೆಗೀಬೇಕಾ, ಬೇಡ್ವಾ?"

"ಗಾಳಿ ಇಲ್ಲದಿದ್ರೆ ಮೊದಲು ತೆಗೀಬೇಕು. ಹಕ್ಕು ಗಿಕ್ಕು ಎಲ್ಲ ಆಮೇಲೆ ಮಾತಾಡಬಹುದು."

"ಅಪ್ಪ ಬೇಡ ಅಂದಿದ್ದಾನಲ್ಲ?"

"ಅಪ್ಪ ಬೇಡ ಅಂದಿದ್ದು ತಮ್ಮ ಬುದ್ಧಿ ಕಲೀಲಿ ಅಂತ. ಸಾಯ್ಲಿ ಅಂತಲ್ಲ. ಅಪ್ಪ ಯಾಕೆ ಹೇಳಿದ ಅನ್ನೋದನ್ನ ಕೇಳ್ಬೇಕು, ಏನು ಹೇಳಿದ ಅನ್ನೋದನ್ನಲ್ಲ."

ಯಾಕಮ್ಮ ಅಂಕದ ಹಾಳೆ ಹತ್ತಿರ ಎಳೆದುಕೊಂಡಳು. ಐದು. ಹನ್ನೆರಡು ದಿನ ಕಾದದ್ದಕ್ಕೂ ಸಾರ್ಥಕ. ಕುತ್ತಿಗೆ ತಾನಾಗಿ ಆಡಲು ಹೊರಟದ್ದನ್ನು ಹಲ್ಲು ಕಚ್ಚಿ ತಡೆದಳು. ರಬ್ಬರು ಅಂಚು, ರಿಪೇರಿಗೆ ಬಂದ ಪೆಟ್ಟಿಗೆ, ಇವೆಲ್ಲ ಕಾರ್ಡಿನಲ್ಲಿ ಎಲ್ಲಿದ್ದವು ಅಂತ ಅವಳು ಕೇಳಿಕೊಳ್ಳಲಿಲ್ಲ. ಮಗುವಿನ ಕಲ್ಪನಾಶಕ್ತಿ ಅಗಾಧ ಅಂತ ಅಂಚಿನಲ್ಲಿ ಬರೆದುಕೊಂಡಳು. ಓದಿದವಳ ಕಿವಿ ನೋಡಿ.

ಅಷ್ಟರಲ್ಲಿ ನಾಲ್ಕು ಗಂಟೆಯ ಬೆಲ್ಲು ಹೊಡೆಯಿತು. ಹುಡುಗಿ ಚೀಲ ಹೆಗಲಿಗೇರಿಸಿ ಎದ್ದಳು. "ಹೋಗ್ಬೇಕು. ತಮ್ಮ ಕಾಯ್ತಿರ್ತಾನೆ."

"ಹೋಗಬಹುದು. ಅದು ನಿನ್ನ ಹಕ್ಕು," ಅಂದಳು ಯಾಕಮ್ಮ. "ಆದ್ರೆ ಈ ಕಾರ್ಡಿಂದು ಎರಡೇ ಎರಡು ಪ್ರಶ್ನೆ ಉಳಿದಿವೆ. ನಿನ್ನಷ್ಟು ಚೆನ್ನಾಗಿ ಯಾರೂ ಹೇಳಿಲ್ಲಮ್ಮ. ಅರ್ಧಕ್ಕೆ ಬಿಟ್ರೆ ಎಲ್ಲ ದಂಡ."

ಹುಡುಗಿ ಬಾಗಿಲು ನೋಡಿದಳು. ಅಪ್ಪ ರಿಪೇರಿ ಮಾಡಿದ ಬಾಗಿಲು, ಈಗ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಹನ್ನೊಂದು ವರ್ಷದವಳು, ಎದುರಿಗೆ ಕೂತಿರುವುದು ದೊಡ್ಡವಳು, ಅದೂ ಹೊಗಳುವ ದೊಡ್ಡವಳು. ಚೀಲ ಹೆಗಲಲ್ಲೇ ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು.

"ಪಕ್ಕದ ಮನೆ ಹೆಂಗಸಿಗೆ ವಿಷಯ ಗೊತ್ತಾಯ್ತು ಅನ್ಕೋ. ಅವಳು ಬಾಗಿಲು ತೆಗೆಸಬೇಕಾ?"

"ತೆಗೆಸ್ಲೇಬೇಕು. ಹುಡುಗಿಗಿಂತ ಮೊದಲು ಅವಳೇ."

"ಯಾಕೆ?"

"ಹುಡುಗಿ ತೆಗೆದ್ರೆ ಏಟು ಬೀಳುತ್ತೆ. ದೊಡ್ಡೋರಿಗೆ ಯಾರು ಹೊಡೀತಾರೆ? ಏಟಿನ ಭಯ ಇಲ್ಲದೋರು ಮೊದಲು ಮಾಡ್ಬೇಕು."

"ಯಾರಿಗೂ ಹೇಳಲ್ಲ ಅಂತ ಆ ಹೆಂಗಸು ಹುಡುಗಿಗೆ ಮಾತು ಕೊಟ್ಟಿದ್ರೆ?"

"ಮಾತು ಕೊಟ್ಟಿದ್ದು ಹುಡುಗಿಗೋಸ್ಕರ ತಾನೇ? ಅವಳೇ ಬೇಡ ಅಂದ್ರೆ ಆ ಮಾತು ಮುಗೀತು. ಆಮೇಲೆ ಹೇಳ್ದೆ ಇದ್ರೆ ಅದು ಹೆಂಗಸಿನ ತಪ್ಪು."

ಇಷ್ಟು ಹೇಳಿ ಹುಡುಗಿ ಅವಳ ಮುಖವನ್ನೇ ನೋಡುತ್ತ ಕೂತಳು. ಯಾಕಮ್ಮ ತಲೆ ಆಡಿಸಲಿಲ್ಲ. ಬೆರಳು ಎತ್ತಿದರೆ ತಲೆ ತಗ್ಗಿಸಿ, ಕಾರ್ಡಿನ ಮನೆಯ ಹಿಂದೆ ನಿಂತು, ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಆ ಮಗು ಬೇಡಿಕೊಳ್ಳುತ್ತಿತ್ತು. ಇವಳು ಐದು ಬರೆದು ಸುತ್ತ ಒಂದು ಸೊನ್ನೆ ಸುತ್ತಿದಳು.

ಎರಡೇ ಪ್ರಶ್ನೆ ಅಂದದ್ದು ನಲವತ್ತು ನಿಮಿಷ ಎಳೆಯಿತು. ಒಂದೊಂದು ಉತ್ತರಕ್ಕೂ ಇನ್ನೊಂದು ಯಾಕೆ, ಅದಕ್ಕೆ ಇನ್ನೊಂದು. ಬಿಟ್ಟ ತಕ್ಷಣ ಹುಡುಗಿ ಓಡಿದ್ದನ್ನು ಕಿಟಕಿಯಿಂದ ನೋಡಿ, ಪಾಪ, ಹಸಿವಾಗಿರಬೇಕು ಅಂದುಕೊಂಡಳು.

ಮರುದಿನ ಶಾಲೆಗೆ ರಜೆ ಕೊಟ್ಟಿದ್ದರು. ಗೇಟಿನ ಕಾವಲುಗಾರ ಯಾಕಮ್ಮನಿಗೆ ಸುದ್ದಿ ಹೇಳಿದ. ಯಾರದೋ ಬೀಗದ ಕೈ ಕಳೆದ ಅಂತ ಮೇಸ್ತ್ರಿ ಮೂರು ಗಂಟೆಗೆ ಮಗನನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಿದ್ದ. ಮಗುವಿಗೆ ಐದು ವರ್ಷ. ತಾಯಿ ಗಿರಣಿಯ ಎರಡನೇ ಪಾಳಿಯಲ್ಲಿದ್ದಳು. ಊರಾಚೆ ಯಾರೋ ತಮ್ಮ ಮನೆಯ ಬಾಗಿಲು ತಾವೇ ಹಾಕಿಕೊಂಡು ಹೊರಗೆ ಸಿಕ್ಕಿಬಿದ್ದಿದ್ದಾರೆ ಅಂತ ಕರೆ ಬಂತು, ಮೇಸ್ತ್ರಿ ಸಲಕರಣೆ ಎತ್ತಿಕೊಂಡು ಹೋದ.

"ಏನಿಲ್ಲ ಅಂದ್ರೂ ನಾಲ್ಕು ಹತ್ತಕ್ಕೆ ಅಕ್ಕ ಬಂದು ತೆಗೀತಾಳೆ ಅಂತ ಅವನಿಗೆ ಗೊತ್ತಿತ್ತಂತೆ," ಅಂದ ಕಾವಲುಗಾರ. "ದಿನಾ ತಂತಿ ಹಾಕಿ ತೆಗೀತಿದ್ಳಂತೆ. ಇವನು ಗೊತ್ತಿಲ್ಲದೋನ ಹಾಗೆ ಇರ್ತಿದ್ದ. ಪೊಲೀಸ್ ಸ್ಟೇಷನ್ನಲ್ಲಿ ಅದನ್ನೇ ಹೇಳ್ಕೊಂಡು ತಲೆ ಚಚ್ಕೋತಿದ್ದಾನೆ. ನಿನ್ನೆ ಆ ಹುಡುಗಿ ಬಂದಿದ್ದು ಐದಕ್ಕೆ ಹತ್ತು ನಿಮಿಷ ಇರೋವಾಗ. ಅಷ್ಟೊತ್ತಿಗೆ ಮಗುವಿನ ಉಸಿರು ನಿಂತಿತ್ತು. ಇವಳು ಎಲ್ಲಿ ಹೋಗಿದ್ಳೋ ಏನೋ."

ಎಲ್ಲಿ ಹೋಗಿದ್ದಳು ಅನ್ನೋದು ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಯಾಕಮ್ಮ ಅವನಿಂದ ಕೋಣೆಯ ಬೀಗದ ಕೈ ಇಸಿದುಕೊಂಡಳು. ಕಾವಲುಗಾರ ಗೇಟು ಎಳೆದುಕೊಂಡ.

ಕೋಣೆಗೆ ಬಂದು ರೆಕಾರ್ಡರು ಹಾಕಿ ಕೇಳಿದಳು. ಹುಡುಗಿಯ ದನಿ ನೀಟಾಗಿ ಬಂದಿತ್ತು. ಬಾಗಿಲು ಚೆನ್ನಾಗಿ ರಿಪೇರಿಯಾಗಿದ್ದರಿಂದ ಹೊರಗಿನ ಒಂದು ಸದ್ದೂ ಇರಲಿಲ್ಲ. ಪ್ರೊಫೆಸರಿಗೆ ಫೋನು ಮಾಡಿ, ಇದನ್ನು ಪೊಲೀಸರಿಗೆ ಕೊಡಲೇ ಅಂತ ಕೇಳಿದಳು.

"ನಾವು ಮಗುವಿಗೆ ಮಾತು ಕೊಟ್ಟಿದ್ದೀವಿ," ಅಂದರು ಪ್ರೊಫೆಸರ್. "ಬಾಗಿಲು ದಾಟಲ್ಲ ಅಂತ."

ಅವಳೇ ಬೇಡ ಅಂದರೆ ಆ ಮಾತು ಮುಗಿಯಿತು. ಹುಡುಗಿಯ ಆ ಮಾತು ಯಾಕಮ್ಮನದೇ ಕೈಬರಹದಲ್ಲಿ, ಸುತ್ತ ಸೊನ್ನೆ ಸುತ್ತಿದ ಐದರ ಪಕ್ಕದಲ್ಲಿ, ಕಣ್ಣೆದುರಿಗೇ ಇತ್ತು. ಯಾಕಮ್ಮ ಅದನ್ನು ಪ್ರೊಫೆಸರಿಗೆ ಓದಿ ಹೇಳಲಿಲ್ಲ, ಪೊಲೀಸರಿಗೂ ಕೊಡಲಿಲ್ಲ. ಹೆದರಿದಳು. ಅವಳನ್ನು ಹೊಡೆಯುವವರು ಯಾರೂ ಇರಲಿಲ್ಲ, ಆದರೂ ಹೆದರಿದಳು.

ಮೂರು ತಿಂಗಳಾದ ಮೇಲೆ ಅದೇ ಮಕ್ಕಳನ್ನು ಅದೇ ಕಾರ್ಡು ಇಟ್ಟುಕೊಂಡು ಮತ್ತೊಮ್ಮೆ ಕೇಳಬೇಕಿತ್ತು. ಪಟ್ಟಿಯಿಂದ ಆ ಹುಡುಗಿಯ ಹೆಸರು ತೆಗೆಯಿರಿ ಅಂತ ಕೇಳಿಕೊಂಡಳು. ಇಡೀ ಶಾಲೆಗೆ ಇರುವುದು ಅದೊಂದೇ ಐದು, ತೆಗೆಯಲಾಗುವುದಿಲ್ಲ ಅಂತ ಉತ್ತರ ಬಂತು.

ಮೂರೂವರೆಗೆ ಹುಡುಗಿ ಬಂದು ಕೂತಳು. ಬೆರಳು ಶುಭ್ರವಾಗಿತ್ತು, ಬೀದಿಯಾಚೆಯ ಅಂಗಡಿ ಮುಚ್ಚಿ ಎಷ್ಟೋ ದಿನವಾಗಿತ್ತು. ಯಾಕಮ್ಮ ಕಾಗದ ಎತ್ತಿಕೊಂಡಳು.

"ನೀನು ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. ಅದು ನಿನ್ನ ಹಕ್ಕು."

ಹುಡುಗಿ ಕಾದಳು. "ಆದ್ರೆ?" ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಆ ಸಾಲು ಹಾಗೇ ಮುಗಿಯುತ್ತದೆ ಅಂತ ಅವಳು ಕಲಿತುಕೊಂಡಿದ್ದಳು, ಅಷ್ಟೆ. ಯಾಕಮ್ಮ ರೆಕಾರ್ಡರು ಆರಿಸಿದಳು. ಏಳನೇ ಕಾರ್ಡನ್ನು ಕಟ್ಟಿನಿಂದ ಎಳೆದು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

"ಆದ್ರೆ ಏನೂ ಇಲ್ಲಮ್ಮ," ಅಂದಳು. "ನಿಜವಾಗ್ಲೂ ಏನೂ ಇಲ್ಲ. ಎದ್ದು ಹೋಗು. ಈಗಲೇ ಹೋಗು."

ಹುಡುಗಿ ಏಳಲಿಲ್ಲ. ಚೀಲವನ್ನು ಹೆಗಲಿಂದ ಇಳಿಸಿ, ನೆಲದ ಮೇಲೆ, ಕುರ್ಚಿಯ ಕಾಲಿಗೆ ಒರಗಿಸಿಟ್ಟಳು.

"ಪರವಾಗಿಲ್ಲ, ಕೇಳಿ," ಅಂದಳು. "ಈಗ ಮನೆಗೆ ಬೇಗ ಹೋಗೋ ಕೆಲಸ ಏನಿಲ್ಲ."