ಒಂದು ಲೋಟ ಹೆಚ್ಚಿಗೆ

ಹೇಳಿಬಿಟ್ಟರೆ ಏನಾದೀತು? ಇವತ್ತೇ, ಈ ಕುಂಬಿಯಾ ಕುಣಿತದ ಹಾಡು ಮುಗಿಯುವುದರೊಳಗೆ, ಮೈಕನ್ನು ಕೆಳಗಿಟ್ಟು ಅವಳನ್ನು ಪಕ್ಕಕ್ಕೆ ಕರೆದು? ಆದರೆ ಮೊದಲ ಮಾತು ಯಾವುದು? ‘ನಬೋರ್’ ಎಂದು ಮೆಲ್ಲಗೆ ಅಂದರೆ ಸಾಕು, ಉಳಿದದ್ದು ಅವಳಿಗೆ ತಾನಾಗಿಯೇ ತಿಳಿದುಹೋಗುತ್ತದೆ. ಅದೇ ಹೆಸರನ್ನು ಪ್ರತಿ ಭಾನುವಾರ ಇಡೀ ಬೀದಿಗೆ ಕೇಳುವಂತೆ ಕೂಗುವ ಬಾಯಿಗೆ ಮೆಲ್ಲಗೆ ಹೇಳುವುದು ಯಾಕೆ ಆಗುತ್ತಿಲ್ಲ?

ಫಿದೆನ್ಸಿಯೊ ಗುಂಡಿ ತಿರುಗಿಸಿ ದನಿ ಏರಿಸಿದ. ಟಾರ್ಪಾಲಿನ ಕೆಳಗೆ ಕುಣಿತಕ್ಕೆ ಕಾವೇರಿತ್ತು. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಈ ಪೆನ್ಯೋನ್ ಕೇರಿಯಲ್ಲಿ ಭಾನುವಾರ ಮಧ್ಯಾಹ್ನ ಬೀದಿಗೆ ಅಡ್ಡವಾಗಿ ಸ್ಪೀಕರು ಪೇರಿಸಿ ಹಾಡು ಹಾಕುವುದು ಅವನ ಅಪ್ಪನ ಕಾಲದಿಂದ ಬಂದ ಕಸುಬು. ಬಿಳಿ ಪ್ಯಾಂಟು, ಮುಖ ಕಾಣುವಷ್ಟು ಉಜ್ಜಿದ ಬೂಟಿನ ಗಂಡಸರು ಹೆಂಗಸರನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದರು. ಹಾಡಿನ ನಡುವೆ ಜನ ಚೀಟಿ ಚಾಚುತ್ತಿದ್ದರು, ಅವನು ಮೈಕಿನಲ್ಲಿ ಓದುತ್ತಿದ್ದ. ಮೊದಲು ಗಡಿ ದಾಟಿ ಉತ್ತರಕ್ಕೆ ದುಡಿಯಲು ಹೋದವರಿಗೆ ನಮಸ್ಕಾರ. ಆಮೇಲೆ ದನಿ ತಗ್ಗಿಸಿ, ತೀರಿಕೊಂಡು ಮೇಲಕ್ಕೆ ಹೋದವರಿಗೆ. ಓದಿದ್ದು ಫೋನುಗಳಲ್ಲಿ ರೆಕಾರ್ಡಾಗಿ ಆಚೆಗೆ ಹೋಗುತ್ತಿತ್ತು. ಅಲ್ಲಿ ಯಾವುದೋ ಹೋಟೆಲಿನಲ್ಲಿ ತಟ್ಟೆ ತೊಳೆಯುವವನು ತನ್ನ ಹೆಸರನ್ನು ತನ್ನ ಬೀದಿಯ ಗದ್ದಲದ ಸಮೇತ ಕೇಳಿಸಿಕೊಳ್ಳುತ್ತಿದ್ದ.

“ಇದೇನು ಅಂಗಿ ಕೊಂಪಾದ್ರೆ! ಪಂಜರದಿಂದ ಗಿಣಿ ತಪ್ಪಿಸ್ಕೊಂಡು ಬಂದಂಗಿದೆ.”

ದೊಮಿತಿಲಾ. ಬೆಳಗಿನ ಜಾವ ಬೀದಿಯ ಮೂಲೆಯಲ್ಲಿ ತಮಾಲ್ ಎಂಬ ಜೋಳದ ಹಿಟ್ಟಿನ ಕಡುಬು ಮಾರುವವಳು, ನಬೋರನ ತಾಯಿ. ಕೂಸಿನ ನೆತ್ತಿಗೆ ಪಾದ್ರಿ ನೀರೆರೆದಾಗ ಎತ್ತಿ ಹಿಡಿದವನು ಫಿದೆನ್ಸಿಯೊ. ಅಂದಿನಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ.

“ಎಲ್ವಿರಾ ಆರಿಸಿದ್ದು, ಕೊಮಾದ್ರೆ.”

“ಹಂಗಾದ್ರೆ ಹೆಂಡ್ತಿಗೆ ನಿಮ್ಮ ಮೇಲೆ ಏನೋ ಸಿಟ್ಟಿದೆ, ಬಿಡಿ.”

ಅವನು ನಕ್ಕು, ಎಂದಿನಂತೆ ಚೀಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

“ಇವತ್ತು ಬರ್ದಿಲ್ಲ. ಸತ್ತವರ ಹಬ್ಬ ಬಂತಲ್ಲ, ಅವರ ಫೋಟೋ ಇಡೋಕೆ ಪೀಠ ಕಟ್ತಾ ಇದೀನಿ. ಗೋಡೆಯಿಂದ ನಬೋರನ ಫೋಟೋ ತೆಗೀತೀನಿ, ಮತ್ತೆ ಅಲ್ಲೇ ನೇತಾಕ್ತೀನಿ. ಬದುಕಿರೋ ಮಗನ್ನ ಸತ್ತವರ ಸಾಲಲ್ಲಿ ಕೂರಿಸಿದ್ರೆ ನಾನೇ ಕೊಂದಂಗೆ, ಅಲ್ವಾ? ಇಡದೇ ಹೋದ್ರೆ...” ಅವಳು ಏಪ್ರನ್ನಿನ ಅಂಚು ಹಿಂಡಿದಳು. “ಆ ರಾತ್ರಿ ಸತ್ತವರೆಲ್ಲ ಮನೆಗೆ ಬರುವಾಗ ಅವನೂ ಅಷ್ಟು ದೂರದಿಂದ ನಡ್ಕೊಂಡು ಬಂದು, ಎಲ್ರಿಗೂ ತಟ್ಟೆ ಇದೆ, ನೀರಿದೆ, ತನಗೊಬ್ಬನಿಗೇ ಇಲ್ಲ ಅಂತ ಬಾಗಿಲಲ್ಲಿ ನಿಂತು, ಬಾಯಾರ್ಕೊಂಡೇ ವಾಪಸ್ ಹೋಗ್ಬಿಟ್ರೆ?”

ಬಾಯಾರಿಕೆ. ಫಿದೆನ್ಸಿಯೊ ಮೈಕನ್ನು ಮೇಜಿನ ಮೇಲಿಟ್ಟ.

ಹೋದ ವರ್ಷ ನಬೋರ್ ಹೊರಟದ್ದು ಒಬ್ಬನೇ ಅಲ್ಲ. ಫಿದೆನ್ಸಿಯೊನ ಅಕ್ಕನ ಮಗ ಸಿರೊ ಜೊತೆಗಿದ್ದ. ಸಿರೊ ಆಚೆ ತಲುಪಿದ. ನಬೋರ್ ಗಡಿಯ ಹತ್ತಿರ ಬೇರೆ ಗುಂಪಿನ ಜೊತೆ ಹೋದ, ಆಮೇಲೆ ಗೊತ್ತಿಲ್ಲ ಎಂದು ಕೇರಿಗೆಲ್ಲ ಹೇಳಿದ್ದ. ಈಸ್ಟರ್ ಹೊತ್ತಿಗೆ ಕುಡಿದು ಫೋನು ಮಾಡಿ ಅತ್ತ. “ಮಾವ, ಆ ಮರಳುಗಾಡಲ್ಲಿ ನಬೋರ್‌ಗೆ ನಡಿಯೋಕಾಗ್ಲಿಲ್ಲ. ಒಂದು ಪೊದೆ ನೆರಳಲ್ಲಿ ಕೂತ. ಬಾಟ್ಲಿ ತಳದಲ್ಲಿ ಸ್ವಲ್ಪ ನೀರಿತ್ತು. ಅವನು ಕೈ ಚಾಚ್ದ, ಮಾವ. ನಾನು ಬಾಟ್ಲಿ ತಗೊಂಡು ನಡೆದ್ಬಿಟ್ಟೆ.” ಆಮೇಲೆ, “ಯಾರಿಗೂ ಹೇಳ್ಬೇಡ. ಅಮ್ಮ ಅದೇ ಬೀದಿಯಲ್ಲಿ ಬದುಕ್ಬೇಕು.”

ಅಕ್ಕನ ಮನೆಗೂ ದೊಮಿತಿಲಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ.

“ಕೇಳಿ ಕೊಂಪಾದ್ರೆ,” ಅವಳು ಮೇಜಿನ ಮೇಲೆ ಬಾಗಿದಳು. “ನನಗಿನ್ನು ಆಗಲ್ಲ. ನೀವು ಅವನನ್ನ ನೀರಿಗೆ ಹಿಡಿದವರು. ನಿಮ್ಮ ನಾಲಿಗೆಗೆ ಹೆಂಗೆ ಬರುತ್ತೋ ಹಂಗೆ ಓದಿ. ಉತ್ತರದವರ ಜೊತೆ ಬಂದ್ರೆ ಫೋಟೋ ಗೋಡೆ ಮೇಲಿರುತ್ತೆ. ಮೇಲಿನವರ ಜೊತೆ ಬಂದ್ರೆ ಇಳಿಸ್ತೀನಿ. ಅಳಲ್ಲ, ಗಲಾಟೆ ಮಾಡಲ್ಲ. ನಿಮ್ಮ ಬಾಯಲ್ಲಿ ಬಂದದ್ದು ದೇವರ ಮಾತು ಅಂದ್ಕೋತೀನಿ.”

ಅವನು ಬೇಡ ಅನ್ನುವಷ್ಟರಲ್ಲಿ ಅವಳು ಜನರ ಮುಂದಿನ ಸಾಲಿಗೆ ಹೋಗಿ ನಿಂತಾಗಿತ್ತು.

ಅವನು ಉತ್ತರದವರನ್ನು ಓದತೊಡಗಿದ. ಅಕ್ಕ ಕೊಟ್ಟ ಚೀಟಿ ಬಂತು: ಮುದ್ದಿನ ಮಗ ಸಿರೊನಿಗೆ ಅಮ್ಮನ ಅಪ್ಪುಗೆ. ಓದಿದ. ಚೀಟಿಗಳು ಮುಗಿದವು. ನಬೋರನ ಹೆಸರು ಬಂದಿರಲಿಲ್ಲ. ದೊಮಿತಿಲಾ ಕದಲಲಿಲ್ಲ. ಸುತ್ತ ಎಲ್ಲರೂ ಕುಣಿಯುತ್ತಿದ್ದರು, ಅವಳ ಪಾದ ಮಾತ್ರ ನೆಲಕ್ಕೆ ಹೂತ ಹಾಗಿತ್ತು.

ಅರ್ಧ ಆಯಿತು, ಅಂದುಕೊಂಡ. ಇನ್ನರ್ಧ ತಾನಾಗಿಯೇ ಆಗಲಿ. ದನಿ ತಗ್ಗಿಸಿದ. ಮೇಲಕ್ಕೆ ಹೋದವರಿಗೆ: ಕ್ಷೌರದ ಅಂಗಡಿಯ ಎಲಾದಿಯೊ ತಾತನಿಗೆ, ಹೂ ಮಾರುತ್ತಿದ್ದ ರೆಮೆದಿಯೊಸ್ ಅಜ್ಜಿಗೆ. “ಮತ್ತೆ...” ಅಂದ.

ಅವಳು ಕಣ್ಣು ಮುಚ್ಚಿದಳು. ತುಟಿ ಸ್ವಲ್ಪ ತೆರೆದಿತ್ತು, ಒಣಗಿತ್ತು.

ವಿಮಾನವೊಂದು ತಲೆಯ ಮೇಲೇ ಹಾರಿ ಎಲ್ಲ ಸದ್ದನ್ನೂ ನುಂಗಿತು. ಅದು ದೂರವಾಗುವವರೆಗೂ ಅವನು ಆ ಒಣಗಿದ ತುಟಿಯನ್ನು ನೋಡಿದ. ಆಮೇಲೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಕಿರುಚಿದ.

“ಅಯ್ಯೋ, ಮರ್ತೇಬಿಟ್ಟಿದ್ದೆ! ಉತ್ತರದಲ್ಲಿರೋ ನಮ್ಮ ನಬೋರ್‌ಗೆ! ನಾನು ಎತ್ತಿ ಹಿಡಿದ ಹುಡುಗನಿಗೆ! ಅಮ್ಮ ಕಾಯ್ತಾ ಇದಾಳೆ ಕಣೋ!”

ಬೀದಿ ಸಿಳ್ಳೆ ಹಾಕಿತು. ದೊಮಿತಿಲಾ ಎರಡೂ ಕೈ ಮೇಲೆತ್ತಿ, ಅಳುತ್ತ ನಗುತ್ತ, ಪಕ್ಕದಲ್ಲಿದ್ದವನ ತೋಳು ಹಿಡಿದು ನಡುವಿಗೆ ಎಳೆದಳು. ಅವಳು ಕುಣಿದು ಒಂದೂವರೆ ವರ್ಷವಾಗಿತ್ತು. ಜನ ಸರಿದು ಜಾಗ ಬಿಟ್ಟರು. ಫಿದೆನ್ಸಿಯೊ ಹಾಡು ನಿಲ್ಲಿಸಲಾರದೆ ಅದನ್ನೇ ಮತ್ತೆ ಮತ್ತೆ ಹಾಕಿದ.

ಹಬ್ಬದ ಸಂಜೆ ಎಲ್ವಿರಾ ತಮ್ಮ ಮನೆಯ ಪೀಠಕ್ಕೆ ಚೆಂಡುಹೂ ಸುರಿದು, ರೊಟ್ಟಿ, ಕಿತ್ತಳೆ, ಉಪ್ಪು ಇಟ್ಟು, ಒಂದೊಂದು ಫೋಟೋದ ಮುಂದೆ ಒಂದೊಂದು ಲೋಟ ನೀರಿಟ್ಟಳು. ಅವನು ಅಡುಗೆಮನೆಯಿಂದ ಇನ್ನೊಂದು ಲೋಟ ತಂದು ಕೊನೆಯಲ್ಲಿ ಇಟ್ಟ.

“ಎಣಿಸೋಕೂ ಬರಲ್ವಾ ನಿಂಗೆ? ಇದ್ಯಾರಿಗೆ?”

“ಯಾರೂ ಇಲ್ಲದವರು ಬಂದ್ರೆ ಇರ್ಲಿ.”

“ಮೈಕ್ ಹಿಡಿಯೋನಿಗೆ ಈಗ ಭಕ್ತಿ ಬೇರೆ,” ಎಂದು ಅವಳು ಧೂಪ ಹಚ್ಚಿದಳು.

ಅಷ್ಟರಲ್ಲಿ ದೊಮಿತಿಲಾ ಬಂದಳು, ಬಟ್ಟೆಯಲ್ಲಿ ಸುತ್ತಿದ ಬಿಸಿ ತಮಾಲ್ ಹಿಡಿದು. ತಲೆಗೆ ಹೊಸ ರಿಬ್ಬನ್ ಕಟ್ಟಿದ್ದಳು. “ಫೋಟೋ ಗೋಡೆ ಮೇಲೇ ಇದೆ ಕೊಂಪಾದ್ರೆ. ಅದಕ್ಕೆ ದಿನಾ ಬೈತಾ ಇದೀನಿ, ಫೋನ್ ಮಾಡೋಕೆ ಏನೋ ನಿಂಗೆ ರೋಗ ಅಂತ.” ಪೀಠದ ಮುಂದೆ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. ಕಣ್ಣು ಕೊನೆಯ ಲೋಟದ ಮೇಲೆ ನಿಂತಿತು. “ಇದರ ಹಿಂದೆ ಫೋಟೋನೇ ಇಲ್ವಲ್ಲ?”

“ಅನಾಥ ಜೀವಕ್ಕಂತೆ,” ಅಂದಳು ಎಲ್ವಿರಾ.

“ಪಾಪ. ಅದರ ತಾಯಿ ಎಲ್ಲಿ ಮೈಮರೆತು ಕೂತಿದಾಳೋ.”

ಅವಳು ಹೂಜಿ ತೆಗೆದುಕೊಂಡು ಆ ಲೋಟವನ್ನು ಅಂಚಿನವರೆಗೂ ತುಂಬಿದಳು. ಗಂಟಿನಿಂದ ಒಣದ್ರಾಕ್ಷಿ ಹಾಕಿದ ಗುಲಾಬಿ ಬಣ್ಣದ ತಮಾಲ್ ಆರಿಸಿ, ಜೋಳದ ಸಿಪ್ಪೆ ಬಿಡಿಸಿ, ಪಕ್ಕದಲ್ಲಿಟ್ಟಳು. ನಬೋರ್ ಅದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.

“ಸಿಹಿದೇ ಇಟ್ಟಿದೀನಿ. ಸಣ್ಣ ವಯಸ್ಸಿನ ಜೀವ ಆಗಿದ್ರೆ ಇಷ್ಟಪಡುತ್ತೆ.”

ಫಿದೆನ್ಸಿಯೊ ಬಾಗಿಲ ಚೌಕಟ್ಟು ಹಿಡಿದ. ಬಾಯಿ ತೆರೆದ. ಅವಳು ತಿರುಗಿದಳು.

“ಏನು ಕೊಂಪಾದ್ರೆ?”

“ಶಾಲು,” ಅಂದ. “ಮೇಣದಬತ್ತಿಗೆ ತಾಗುತ್ತೆ.”

ಅವಳು ಶಾಲನ್ನು ಎಳೆದುಕೊಂಡಳು.

ಆ ಲೋಟ ನಬೋರನದು ಎಂದು ಅವನು ಅವಳಿಗೆ ಹೇಳಲಿಲ್ಲ. ಮುಂದೆಯೂ ಎಂದೂ ಹೇಳಲಿಲ್ಲ.