ಮಾದಪ್ಪನಿಗೆ ಬಿಟ್ಟ ಕೂದಲು

ವಾಣಿ ಟೀಚರ್ ಒಂದನೇ ಕ್ಲಾಸಿನ ಬಾಗಿಲಿಗೆ ಬರುವ ಹೊತ್ತಿಗೆ ಕತ್ತರಿ ತನ್ನ ಕೆಲಸ ಮುಗಿಸಿತ್ತು. ರೇವಣಸಿದ್ದ ಸ್ಟೂಲಿನ ಮೇಲೆ ಕೂತಿದ್ದ. ಬೆಳಿಗ್ಗೆ ಅವನ ಭುಜದವರೆಗೂ ಇಳಿಬಿದ್ದಿದ್ದ ಕೂದಲು ಈಗ ನೆಲದ ಮೇಲೆ ಹಾಸಿದ ಪೇಪರಿನಲ್ಲಿತ್ತು. ಲೀನಾ ಖುಷಿಯಿಂದ ಅವನ ಕತ್ತಿನ ಹಿಂದೆ ಉಫ್ ಉಫ್ ಎಂದು ಊದುತ್ತಿದ್ದಳು.

"ಏನ್ ಮಾಡ್ಬುಟ್ಟೆ ತಾಯಿ," ಎಂದಳು ವಾಣಿ. ಗಾಬರಿಯಲ್ಲಿ ಇಂಗ್ಲಿಷ್ ಬಾಯಿಗೆ ಬರಲಿಲ್ಲ.

ಲೀನಾ ಡೆನ್ಮಾರ್ಕಿನ ಹುಡುಗಿ. ಅಲ್ಲಿ ಸ್ಕೂಲು ಮುಗಿಸಿ, ಕಾಲೇಜಿಗೆ ಸೇರುವ ಮುಂಚೆ ಒಂದು ವರ್ಷ ಬಿಡುವು ಮಾಡಿಕೊಂಡು, ಹೂಟಗಳ್ಳಿಯ ಈ ಪುಟ್ಟ ಶಾಲೆಗೆ ಸಂಬಳವಿಲ್ಲದೆ ಪಾಠ ಹೇಳಲು ಬಂದಿದ್ದಳು. ನಮ್ಮಲ್ಲಿ ಒಂದು ವರ್ಷ ಓದು ಬಿಟ್ಟರೆ 'ಫೇಲಾ?' ಅಂತ ಬೀದಿಯವರೆಲ್ಲ ಕೇಳುತ್ತಾರೆ. ಅವರಲ್ಲಿ ಅದೇ ಒಂದು ಮರ್ಯಾದೆ. ಹುಡುಗಿ ಮಾತ್ರ ಅಪ್ಪಟ ಒಳ್ಳೆಯವಳು. ಮಕ್ಕಳ ಸಿಂಬಳ ತೆಗೆಯುವುದಕ್ಕೂ ಹೇಸುತ್ತಿರಲಿಲ್ಲ. ರೇವಣಸಿದ್ದನ ತಲೆಯಲ್ಲಿ ಹೇನು ಬಿದ್ದಿತ್ತು, ಹುಡುಗರು ದಿನವೂ ಅವನನ್ನು 'ಹುಡ್ಗಿ' ಎಂದು ಅಳಿಸುತ್ತಿದ್ದರು, ಇವತ್ತು ಅವನೇ ಬಂದು ಎರಡು ಬೆರಳಲ್ಲಿ ಕತ್ತರಿ ಮಾಡಿ ತೋರಿಸಿದ ಎಂದು ಅವಳು ವಿವರಿಸಿದಳು.

ವಾಣಿ ವಿಷಯ ಹೇಳಿದಳು. ಇವನು ಕೈಗೂಸಾಗಿದ್ದಾಗ ಮೆದುಳು ಜ್ವರ ಬಂದು ಡಾಕ್ಟರುಗಳು ಕೈಚೆಲ್ಲಿದ್ದರು. ಅಜ್ಜಿ ಸಿದ್ದಲಿಂಗಮ್ಮ ಮಲೆ ಮಾದಪ್ಪನಿಗೆ ಹರಕೆ ಹೊತ್ತಳು: ಮಗು ಉಳಿದರೆ ಏಳು ವರ್ಷ ತುಂಬುವ ತನಕ ತಲೆಗೆ ಕತ್ತರಿ ಸೋಕಿಸುವುದಿಲ್ಲ, ಆಮೇಲೆ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆ. ಬರುವ ಅಮಾವಾಸ್ಯೆಗೆ ಹೊರಡುವುದೆಂದು ನಿಶ್ಚಯವಾಗಿತ್ತು.

ಶಾಲೆಯಲ್ಲಿ ಇದು ಆಯಾಗೂ ಗೊತ್ತು, ಬಿಸಿಯೂಟದವಳಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದಲೇ ಯಾರೂ ಲೀನಾಗೆ ಹೇಳಿರಲಿಲ್ಲ. ಗಂಡು ಮಗು ಜಡೆ ಬಿಟ್ಟಿದ್ದರೆ ಅದು ಹರಕೆ ಎಂದು ತಿಳಿಯದವರೂ ಲೋಕದಲ್ಲಿ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಲೀನಾಳ ಮುಖ ಸುಣ್ಣದ ಹಾಗಾಯಿತು.

ಅಷ್ಟರಲ್ಲಿ ಕಿಟಕಿಯಿಂದ ಇಣುಕಿದ ಒಬ್ಬ ಹುಡುಗ, "ಮಾದಪ್ಪನ ಕೂದ್ಲು ಕುಯ್ಸ್ಕಂಡ್ಬುಟ್ಯಾ? ಸತ್ತೋಯ್ತೀಯ ಕಣೋ," ಎಂದು ಹೇಳಿ ಓಡಿಹೋದ. ರೇವಣಸಿದ್ದ ಸ್ಟೂಲಿನಿಂದ ಇಳಿದು ಗೋಡೆಗೆ ಒತ್ತಿಕೊಂಡು ನಿಂತ.

ಹೆಡ್‌ಮಾಸ್ಟರ್ ಸದಾಶಿವಯ್ಯನವರು ಓಡಿಬಂದರು. ಶಾಲೆಯ ಕರಪತ್ರದ ಮೇಲೆ ಲೀನಾಳ ಫೋಟೋ ದೊಡ್ಡದಾಗಿ ಹಾಕಿಸಿದವರು ಅವರೇ. ಈಗ ಅವಳ ಕಡೆ ತಿರುಗಿಯೂ ನೋಡಲಿಲ್ಲ.

"ಹೇನಿತ್ತು, ಸರ್ಕಾರದ ರೂಲು, ಅದಕ್ಕೇ ತೆಗ್ಸಿದ್ವಿ ಅಂದ್ಬುಡಿ ವಾಣಿಯೋರೆ. ಇವ್ನ ಅಜ್ಜಿ ಜನ ಸೇರ್ಸಿದ್ರೆ ಈ ಹುಡ್ಗೀನ ನಾಳೆನೇ ವಾಪಸ್ ಕಳಿಸ್ಬೇಕಾಗುತ್ತೆ."

"ದೇವರ ವಿಷ್ಯ ಸಾರ್. ಆ ಸುಳ್ಳು ನನ್ನ ಬಾಯಲ್ಲಿ ಬರಲ್ಲ," ಎಂದಳು ವಾಣಿ.

ಬೆಲ್ಲು ಹೊಡೆಯಿತು. ಸಿದ್ದಲಿಂಗಮ್ಮ ಎಂದಿನಂತೆ ಮೊಮ್ಮಗನನ್ನು ಕರೆದೊಯ್ಯಲು ಬಂದಳು. ಬಾಗಿಲಲ್ಲೇ ನಿಂತು ಮಗುವಿನ ತಲೆ ನೋಡಿದಳು, ಪೇಪರು ನೋಡಿದಳು. ಕೂಗಲಿಲ್ಲ. ಕೂಗಿದ್ದರೆ ವಾಣಿಗೆ ಎಷ್ಟೋ ವಾಸಿಯಾಗುತ್ತಿತ್ತು. ಮುದುಕಿ ನೆಲಕ್ಕೆ ಕೂತು, ಒಂದೆಳೆಯೂ ಬಿಡದೆ ಕೂದಲನ್ನು ಸೆರಗಿಗೆ ಬಾಚಿಕೊಂಡು ಗಂಟು ಹಾಕಿದಳು.

"ಯಾರು?" ಎಂದಳು.

ಸದಾಶಿವಯ್ಯ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮುಂಚೆಯೇ ಲೀನಾ ಮುಂದೆ ಬಂದಳು. "ನಾನು," ಎಂದಳು. ಸ್ಲೇಟು ತಿದ್ದುವಾಗ ಕಲಿತ ಪದ ಒಂದಿತ್ತು, ಅದನ್ನೂ ಹೇಳಿದಳು. "ತಪ್ಪು."

ಸಿದ್ದಲಿಂಗಮ್ಮ ಎದ್ದಳು. ಅವಳ ಕೈ ಮೇಲೆ ಹೋಯಿತು.

"ಅಜ್ಜಿ," ಎಂದ ರೇವಣಸಿದ್ದ ಗೋಡೆಯ ಹತ್ತಿರದಿಂದ. "ನಾನೇ ಕುಯ್ಯಿ ಅಂದಿದ್ದು. ನಾ ಸತ್ತೋಯ್ತೀನಾ?"

ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅದು ಇಳಿದು ಬಂದು ಮಗುವಿನ ಬೋಳು ಕತ್ತನ್ನು ಸವರಿತು.

"ಯಾವನ್ಲಾ ಅಂಗಂದೋನು? ಮಾದಪ್ಪಂಗೆ ಅಮಾಸೆಗಂಟ ಕಾಯಕ್ಕಾಗ್ನಿಲ್ಲ. ಅದ್ಕೇ ಈ ಬಿಳೀ ಮಿಸ್ಸಿನ ಕೈಲಿ ಇಸ್ಕಂಡವ್ನೆ. ನನ್ ಕನಸಲ್ಲಿ ಬಂದು ಅಂದಿದ್ದ, ನಂಗೇ ಮರ್ತೋಗಿತ್ತು. ಓಗು, ಆಟ ಆಡೋಗು."

"ದಿಟ್ವಾ?"

"ದಿಟ ಕನ್ ಮಗಾ."

ಹುಡುಗ ಅಂಗಳಕ್ಕೆ ಓಡಿದ. ಅವನು ಮರೆಯಾದದ್ದೇ ಸಿದ್ದಲಿಂಗಮ್ಮ ಬೆಂಚಿಗೆ ಕುಸಿದಳು. ಸೆರಗಿನ ಗಂಟನ್ನು ಮಡಿಲಿಗೆ ಒತ್ತಿಕೊಂಡಳು.

"ಕನಸೂ ಇಲ್ಲ, ಏನೂ ಇಲ್ಲ ಕಣವ್ವ," ಎಂದಳು ವಾಣಿಗೆ. "ದೇವ್ರ ಎಸ್ರಲ್ಲಿ ಸುಳ್ಳಾಡ್ಬುಟ್ಟೆ. ಮಗ ನಂಬ್ತಾ?"

"ನಂಬ್ದ," ಎಂದಳು ವಾಣಿ.

"ಅಷ್ಟು ಸಾಕು."

ಅವಳು ಎರಡೂ ಕೈ ಹಿಂದಕ್ಕೊಯ್ದು ತುರುಬಿನ ಪಿನ್ನು ಕಿತ್ತಳು. ನರೆತ ಕೂದಲು ಬೆನ್ನ ಮೇಲೆ ಬಿತ್ತು. ತೆಳ್ಳಗಿತ್ತು, ಆದರೆ ಸೊಂಟದವರೆಗಿತ್ತು. "ಇದು ನಿಂದು ಕಣಪ್ಪ ಮಾದಪ್ಪ. ಅಮಾಸೆಗೆ ತಂದ್ಕೊಡ್ತೀನಿ. ಮಗೀನ ಮಾತ್ರ ಕೇಳ್ಬ್ಯಾಡ," ಎಂದು ಗೋಡೆ ನೋಡಿಕೊಂಡು ಹೇಳಿದಳು.

ಏನು ನಡೆಯಿತೆಂದು ಲೀನಾ ಕಣ್ಣಲ್ಲೇ ಕೇಳಿದಳು. ವಾಣಿ ನೆಲದ ಮೇಲಿನ ಖಾಲಿ ಪೇಪರನ್ನು ಮಡಿಸಿ ಎತ್ತಿಟ್ಟಳು.

ಅಂಗಳದಲ್ಲಿ ರೇವಣಸಿದ್ದ ಓಡುತ್ತಿದ್ದ. ಕಣ್ಣ ಮೇಲಿನ ಕೂದಲು ಸರಿಸಲು ಅವನ ಕೈ ಆಗಾಗ ಹಣೆಗೆ ಹೋಗಿ, ಏನೂ ಸಿಗದೆ, ಕೆಳಗಿಳಿಯುತ್ತಿತ್ತು.