ಹದಿನಾಲ್ಕನೇ ಕೋಣೆಯ ಕೋಟು

ನಾನು ಒಂದು ಕಪ್ಪು ಕೋಟು. ಗದಗಿನಲ್ಲಿ ಕೋರ್ಟಿನ ಎದುರು ದಸ್ತಗೀರಸಾಬರ ದರ್ಜಿ ಅಂಗಡಿಯಲ್ಲಿ ಹುಟ್ಟಿದೆ. ಅವರು ಹೊಲಿಯುತ್ತಿದ್ದುದೆಲ್ಲ ವಕೀಲರ ಕೋಟುಗಳೇ. ಹಾಗೆ ಹೊಲಿದು ಮಿಕ್ಕ ಬಟ್ಟೆಯಲ್ಲಿ ಆದವಳು ನಾನು. ಅದಕ್ಕೇ ಇರಬೇಕು, ಅನುಮಾನ ನನಗೆ ಹುಟ್ಟಿನಿಂದಲೇ ಬಂದಿದೆ. ಯಾರಾದರೂ ನಕ್ಕರೆ ಯಾಕೆ ನಕ್ಕರು ಎನ್ನುತ್ತೇನೆ. ಯಾರಾದರೂ ಬಾಗಿಲು ತೆರೆದು ಹಿಡಿದರೆ ಒಳಗೆ ಏನಿದೆಯೋ ಎನ್ನುತ್ತೇನೆ.

ನನ್ನನ್ನು ಹೊಲಿಸಿದವಳು ರತ್ನಮಾಲಾ, ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಹುಡುಗಿ. ಕಾಲೇಜಿಗೆ ಕಂಪನಿಯವರು ಬಂದು ಸಂದರ್ಶನ ಮಾಡಿ ಕೆಲಸಕ್ಕೆ ಆರಿಸಿಕೊಳ್ಳುತ್ತಾರಲ್ಲ, ಅದಕ್ಕೆ ಕೋಟು ಬೇಕೇ ಬೇಕು ಎಂದು ಯಾರೋ ಹೇಳಿದ್ದರು. ದಸ್ತಗೀರಸಾಬರು ಅಳತೆ ತೆಗೆದುಕೊಂಡು, ಅಕ್ಕಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟರು. ಅವಳು ಕೇಳಿರಲಿಲ್ಲ. "ನಾಳೆ ಮೈ ತುಂಬಿಕೊಂಡ್ರ ಬಿಚ್ಚಿ ಹೊಲಕೋಬಹುದವ್ವಾ" ಅಂದರು. ಕೇಳದೆಯೇ ಹೆಚ್ಚು ಬಟ್ಟೆ ಬಿಟ್ಟು ಅವರಿಗೇನು ಲಾಭವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಹೆಣ್ಣುಮಕ್ಕಳ ಕೋಟಿಗೆ ಒಳಗಿಸೆ, ಅಂದರೆ ಎದೆಯ ಬಳಿಯ ಒಳಜೇಬು, ಇಡುವುದಿಲ್ಲವಂತೆ. ವಕೀಲರ ಕೋಟು ಹೊಲಿದು ರೂಢಿಯಾದ ಕೈ, ಮರೆತು ನನಗೂ ಒಂದು ಇಟ್ಟುಬಿಟ್ಟಿತು. ಆ ಮರೆವಿನಿಂದಲೇ ನನ್ನ ಬದುಕು ಬೇರೆಯಾಯಿತು.

ರತ್ನಮಾಲಾಗೆ ಮೊದಲ ಸಂದರ್ಶನದಲ್ಲೇ ಕೆಲಸ ಸಿಕ್ಕಿತು. ಹಾಸ್ಟೆಲ್ ಬಿಡುವ ದಿನ ಹದಿನಾಲ್ಕನೇ ಕೋಣೆಯ ಮೊಳೆಗೆ ನನ್ನನ್ನು ತೂಗುಹಾಕಿ, ಕೆಳಗಿನ ವರ್ಷದ ಹುಡುಗಿಯರನ್ನು ಕರೆದಳು. "ಇದು ಯಾರ ಕೋಟೂ ಅಲ್ಲ. ಯಾರಿಗೆ ಇಂಟರ್‌ವ್ಯೂ ಐತೋ ಆವತ್ತಿಗೆ ಅವರದು. ಆದ್ರ ಒಂದು ಮಾತು. ಹೊರಗ ಬಂದ ಕೂಡಲೆ, ಒಳಗ ಏನ್ ಕೇಳಿದ್ರಂತ ಚೀಟಿ ಬರದು ಒಳಗಿಸೆದಾಗ ಇಡಬೇಕು. ಮುಂದಿನಕಿಗೆ ಆಸರ ಆಗ್ತದ."

ಅಂದಿನಿಂದ ಅದೇ ಹಾಸ್ಟೆಲಿನ ಕಟ್ಟಳೆಯಾಯಿತು. ದಪ್ಪ ಹುಡುಗಿಯರು ಗುಂಡಿ ಹಾಕದೆ ಉಸಿರು ಬಿಗಿಹಿಡಿದು ನನ್ನನ್ನು ತೊಟ್ಟರು. ತೆಳ್ಳಗಿನವರು ಒಳಗೆ ಸ್ವೆಟರ್ ಹಾಕಿ ತೊಟ್ಟರು. ಕೆಲಸ ಸಿಕ್ಕವರು ಕುಣಿದರು, ಸಿಗದವರು ನನ್ನ ತೋಳಿನಲ್ಲೇ ಕಣ್ಣೊರೆಸಿಕೊಂಡರು. ಚೀಟಿಗಳು ಮಾತ್ರ ತಪ್ಪದೆ ಬಂದವು.

ನಾನು ಅವುಗಳನ್ನು ನಂಬುತ್ತಿದ್ದೆ, ಎರಡನೆಯ ವರ್ಷದವರೆಗೆ. ಆ ವರ್ಷ ಒಬ್ಬಳು, "ಮನಿ, ಊರು, ಹವ್ಯಾಸ ಬಿಟ್ಟು ಬ್ಯಾರೆ ಏನೂ ಕೇಳಂಗಿಲ್ಲ" ಎಂದು ಬರೆದಿಟ್ಟಳು. ಮರುದಿನ ಅದೇ ಕಂಪನಿಗೆ ಹೋದ ಇನ್ನೊಬ್ಬಳು ಅಷ್ಟನ್ನೇ ಓದಿಕೊಂಡು ಹೋಗಿ, ಲೆಕ್ಕ ಬಿಡಿಸು ಎಂದಾಗ ಬೆಬ್ಬಳಿಸಿ ವಾಪಸು ಬಂದಳು. ಬರೆದವಳು ಬೇಕೆಂದೇ ಹಾಗೆ ಬರೆದಳೋ, ಅವಳಿಗೆ ಕೇಳಿದ್ದೇ ಅಷ್ಟೋ, ಯಾರಿಗೂ ತಿಳಿಯಲಿಲ್ಲ. ಅವರಿಬ್ಬರೂ ಮತ್ತೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂರಲಿಲ್ಲ. ಅಂದಿನಿಂದ ಒಳಗಿಸೆಗೆ ಚೀಟಿ ಬಿದ್ದಾಗಲೆಲ್ಲ, ಇದರಲ್ಲಿ ಎಷ್ಟು ಸತ್ಯ ಎಂದು ನಾನು ಕೇಳಿಕೊಳ್ಳುತ್ತಿದ್ದೆ.

ನಾನು ಮೊಳೆಗೇರಿದ ನಾಲ್ಕನೆಯ ವರ್ಷ ಆ ಕೋಣೆಗೆ ಉಮಾ, ಪವಿತ್ರಾ ಬಂದರು. ಇಬ್ಬರದೂ ಮೆಕ್ಯಾನಿಕಲ್. ಅರವತ್ತು ಜನರ ತರಗತಿಯಲ್ಲಿ ಹುಡುಗಿಯರೆಂದರೆ ಇವರಿಬ್ಬರೇ. ಓದಿನ ಎರಡನೇ ವರ್ಷದಲ್ಲಿ ವಿಭಾಗದ ಮುಖ್ಯಸ್ಥರು ಕರೆದು, "ಕಂಪ್ಯೂಟರಿಗೆ ಹೋಗ್ರಿ, ಸೀಟು ಖಾಲಿ ಅದಾವು, ನಿಮಗ್ಯಾಕ ಈ ಎಣ್ಣಿ-ಗ್ರೀಸು" ಎಂದಿದ್ದರಂತೆ. ಇಬ್ಬರೂ ಒಲ್ಲೆ ಎಂದಿದ್ದರು. ವರ್ಕ್‌ಶಾಪಿನಲ್ಲಿ ಒಬ್ಬಳು ಕಬ್ಬಿಣ ಹಿಡಿದರೆ ಇನ್ನೊಬ್ಬಳು ಅರದಿಂದ ಉಜ್ಜುತ್ತಿದ್ದಳು. ಹುಡುಗರು ನಕ್ಕರೆ ಇಬ್ಬರೂ ಕೂಡಿ ತಿರುಗಿ ನಗುತ್ತಿದ್ದರು.

ಆದರೆ ಯಂತ್ರದ ಕೆಲಸ ಕೊಡುವ ಕಂಪನಿಗಳು ಬರುವುದೇ ಕಡಿಮೆ. ಬಂದವರು ಹುಡುಗರನ್ನೇ ಆರಿಸಿದರು. ಉಮಾ ನನ್ನನ್ನು ತೊಟ್ಟು ಆರು ಸಲ ಸೋತಳು, ಪವಿತ್ರಾ ಐದು ಸಲ. ಫೆಬ್ರುವರಿ ಕೊನೆಗೆ ಪಂಪು ತಯಾರಿಸುವ ಒಂದು ಕಂಪನಿ ಬಂತು. ಆ ವರ್ಷಕ್ಕೆ ಅದೇ ಕೊನೆಯದು. ಬೇಕಾದದ್ದು ಒಬ್ಬರೇ. ಲಿಖಿತ ಪರೀಕ್ಷೆ ಮುಗಿದು ಉಳಿದವರು ನಾಲ್ವರು: ಇಬ್ಬರು ಹುಡುಗರು, ಉಮಾ, ಪವಿತ್ರಾ.

ಹೀಗೆ ಒಂದೇ ಕೆಲಸಕ್ಕೆ ಒಂದೇ ದಿನ ಇಬ್ಬರೂ ನನ್ನನ್ನು ತೊಡಬೇಕಾಗಿ ಬಂತು. ಅಂಥದ್ದು ಹಿಂದೆ ಆಗಿರಲಿಲ್ಲ.

ಹುಡುಗರು ಹೋಗಿ ಬಂದರು. ಪವಿತ್ರಾ ನನ್ನನ್ನು ತೊಟ್ಟು ಒಳಗೆ ಹೋದಳು. ಅವಳು ಎತ್ತರದ ಹುಡುಗಿ, ನಾನು ಅವಳಿಗೆ ಸರಿಯಾಗಿ ಕೂರುತ್ತಿದ್ದೆ. ಮೇಜಿನ ಆಚೆ ಗಲಗಲಿ ಎಂಬ ಹಿರಿಯ ಸಾಹೇಬರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಎರಡು ಮೂರು ಪ್ರಶ್ನೆ ಕೇಳಿದ ಮೇಲೆ, ಮೇಜಿನ ಮೇಲಿದ್ದ ಬೂದು ಬಣ್ಣದ ಒಂದು ಚಕ್ರವನ್ನು ತೋರಿಸಿದರು. ಅದರ ಮೈತುಂಬ ಬಾಗಿದ ರೆಕ್ಕೆಗಳಿದ್ದವು.

"ಇದು ಇಂಪೆಲ್ಲರ್, ಪಂಪಿನೊಳಗೆ ತಿರುಗಿ ನೀರು ಎತ್ತುವ ಚಕ್ರ. ಇದನ್ನು ಹೀಗೆಯೇ ಪಂಪಿಗೆ ಹಾಕಿದರೆ ಒಂದು ದಿನವೂ ಬಾಳುವುದಿಲ್ಲ. ಯಾಕೆ?"

ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಪವಿತ್ರಾ ರೆಕ್ಕೆಯ ಓರೆ ಸರಿಯಿಲ್ಲ ಎಂದಳು, ತುಕ್ಕು ಎಂದಳು, ನೀರಿನ ಗುಳ್ಳೆಗಳು ಲೋಹವನ್ನು ಕೊರೆಯುತ್ತವೆ ಎಂದಳು. ಸಾಹೇಬರು ಕೇಳಿಸಿಕೊಂಡರು, ಏನೂ ಬರೆದುಕೊಳ್ಳಲಿಲ್ಲ. ಥ್ಯಾಂಕ್ಯೂ ಎಂದರು. ಅವಳು ಎದ್ದು ತಿರುಗುವಾಗ ಫೈಲಿನ ಮೂಲೆ ಆ ಚಕ್ರಕ್ಕೆ ಬಡಿದು ಸಣ್ಣ ಸದ್ದಾಯಿತು. ಪವಿತ್ರಾ ಗಕ್ಕನೆ ನಿಂತಳು. ನನ್ನೊಳಗೆ ಅವಳ ಎದೆ ದಡದಡ ಹೊಡೆದುಕೊಂಡಿತು. ಸೂಜಿ, ಕತ್ತರಿಗಳ ಸದ್ದು ಬಿಟ್ಟರೆ ಬೇರೆ ಸದ್ದಿನ ಅರ್ಥ ನನಗೇನು ಗೊತ್ತು? ಸಾಹೇಬರು ಆಗಲೇ ಮುಂದಿನ ಹಾಳೆ ತೆಗೆದಿದ್ದರು. ಅವಳು ಹೊರಗೆ ಬಂದಳು.

ಹೊರಗೆ ಪ್ಲೇಸ್‌ಮೆಂಟ್ ಆಫೀಸಿನ ಜವಾನ ಶೇಖಪ್ಪ "ಮುಂದಿನವ್ರು, ಮುಂದಿನವ್ರು" ಎಂದು ಅವಸರ ಮಾಡುತ್ತಿದ್ದ. ಪವಿತ್ರಾ ಗೋಡೆಗೆ ಕಾಗದವೊತ್ತಿ ಏನೋ ಗೀಚಿದಳು. ಬರೆದಳು, ನಿಲ್ಲಿಸಿದಳು, ಮತ್ತೆ ಎರಡು ಪದ ಬರೆದಳು, ಅವನ್ನು ಹೊಡೆದುಹಾಕಿದಳು. ಹೊಡೆದದ್ದು ಯಾಕೆ? ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು.

ಆಮೇಲೆ ಚೀಟಿಯನ್ನು ಒಳಗಿಸೆಗೆ ಹಾಕಿ, ನನ್ನನ್ನು ಬಿಚ್ಚಿ ಉಮಾಗೆ ತೊಡಿಸಿದಳು. ಉಮಾ ಗಿಡ್ಡ, ನನ್ನ ತೋಳುಗಳು ಅವಳ ಬೆರಳು ದಾಟಿ ಇಳಿಯುತ್ತಿದ್ದವು.

"ತಡಿಲೇ, ತೋಳು ಮಡಚ್ತೀನಿ."

"ಬಿಡಲೇ, ಹೊತ್ತಾತು, ಶೇಖಪ್ಪ ಒದರಾಕತ್ತಾನ."

"ಒದರಲಿ. ತೋಳಾಗ ಕೈ ಕಾಣದಿದ್ರ ಒಳಗಿನವ್ರು ನಿನ್ನ ಸಣ್ಣ ಹುಡುಗಿ ಅಂತಾರ."

ಪಿನ್ನು ಹಾಕಿ, ಎರಡೂ ತೋಳನ್ನು ಪಕ್ಕಪಕ್ಕಕ್ಕೆ ಹಿಡಿದು ಅಳೆದು ನೋಡಿ, ಒಂದನ್ನು ಬಿಚ್ಚಿ ಮತ್ತೆ ಹಾಕಿದಳು. ತಡಮಾಡಿಸುತ್ತಿದ್ದಾಳೆ ಎಂದುಕೊಂಡೆ.

ಬಾಗಿಲ ಹತ್ತಿರ ಉಮಾ ಚೀಟಿ ತೆಗೆದು ಪಿಸುದನಿಯಲ್ಲಿ ಓದಿಕೊಂಡಳು. "ಮೇಜಿನ ಮ್ಯಾಲೆ ಒಂದು ಇಂಪೆಲ್ಲರ್ ಐತಿ. ಕಣ್ಣಿಲೆ ನೋಡಿ ಹೇಳಬ್ಯಾಡ. ಕೈಯಾಗ ತಗೋ." ಅಷ್ಟೇ. ಅದರ ಕೆಳಗೆ ಹೊಡೆದುಹಾಕಿದ ಎರಡು ಪದ, ಒಂದೂ ಕಾಣದಂತೆ.

ಉಮಾಳ ಬೆನ್ನು ನನ್ನೊಳಗೆ ಬಿಗಿಯಿತು. ತರಬೇತಿ ಕೊಡಲು ಬಂದಿದ್ದವರು ಮೂರು ದಿನ ಅದನ್ನೇ ಹೇಳಿದ್ದರು: ಸಂದರ್ಶನದಲ್ಲಿ ಮೇಜಿನ ಮೇಲಿನ ಯಾವ ವಸ್ತುವನ್ನೂ ಮುಟ್ಟಬಾರದು, ಮುಟ್ಟಿದರೆ ಶಿಸ್ತಿಲ್ಲದವರು ಎಂದು ಬರೆದುಕೊಳ್ಳುತ್ತಾರೆ. ಪವಿತ್ರಾ ಪಕ್ಕದಲ್ಲೇ ಕೂತು ಕೇಳಿದ್ದಳು. ಈಗ ಮುಟ್ಟು ಎನ್ನುತ್ತಾಳೆ. ತಾನು ಮುಟ್ಟಿದೆನೆಂದೂ ಬರೆದಿಲ್ಲ. ಉತ್ತರ ಗೊತ್ತಿದ್ದರೆ ಉತ್ತರವನ್ನೇ ಬರೆಯಬಹುದಿತ್ತಲ್ಲ?

ಬ್ಯಾಡ ಉಮಾ, ಎಂದೆ ನಾನು. ಕೋಟಿನ ಮಾತು ಯಾರಿಗೆ ಕೇಳುತ್ತದೆ? ಆದರೆ ಅವಳೂ ಅದನ್ನೇ ಅಂದುಕೊಂಡಿದ್ದಳು. ಚೀಟಿಯನ್ನು ಮಡಚಿ ಒಳಗಿಸೆಗೆ ತುರುಕಿದ ರೀತಿಯಲ್ಲೇ ನನಗದು ಗೊತ್ತಾಯಿತು.

ಒಳಗೆ ಮೊದಲು ಮನೆಯ ಬಗ್ಗೆ ಕೇಳಿದರು. ತಂದೆ ಏನು ಮಾಡುತ್ತಾರೆ ಎಂದಾಗ, ತರಬೇತಿಯಲ್ಲಿ ಕಲಿಸಿದಂತೆ "ಸ್ವಂತ ಉದ್ಯೋಗ" ಎಂದಳು. ಆಮೇಲೆ ಆ ಚಕ್ರ, ಅದೇ ಪ್ರಶ್ನೆ.

ಉಮಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿನಿಂದಲೇ ನೋಡಿದಳು. ರೆಕ್ಕೆಯ ಓರೆ ಎಂದಳು. ತುಕ್ಕು ಎಂದಳು. ಗುಳ್ಳೆ ಎಂದಳು. ಸಾಹೇಬರ ಪೆನ್ನು ಅಲುಗಲಿಲ್ಲ. ಅವಳ ಗಂಟಲು ಒಣಗಿದ್ದನ್ನು ನೋಡಿ ತಮ್ಮ ಮುಂದಿದ್ದ ನೀರಿನ ಲೋಟವನ್ನು ಈಚೆ ಸರಿಸಿದರು. ಇದ್ಯಾವ ಪರೀಕ್ಷೆಯೋ ಎಂದು ನಾನು ಇನ್ನಷ್ಟು ಬೆದರಿದೆ.

ಲೋಟ ಹಿಡಿಯಲು ಅವಳು ಕೈ ಮೇಲೆತ್ತಿದಳು. ಆಗ ನನ್ನ ತೋಳಿನ ಅಂಚು ಅವಳ ಕಣ್ಣಿಗೆ ಬಿತ್ತು. ಮಡಿಕೆ ನೂಲು ಹಿಡಿದಷ್ಟು ನೇರವಾಗಿತ್ತು. ಪಿನ್ನು ಹೊರಗೆ ಕಾಣುತ್ತಿರಲಿಲ್ಲ, ಚುಚ್ಚಬಾರದೆಂದು ಮೊನೆಯನ್ನು ಪವಿತ್ರಾ ಬಟ್ಟೆಯೊಳಗೆ ಹುದುಗಿಸಿಟ್ಟಿದ್ದಳು. ಕೆಡಿಸಬೇಕೆನ್ನುವವಳು ಇಷ್ಟು ಜೋಪಾನವಾಗಿ ಪಿನ್ನು ಹಾಕುತ್ತಾಳೆಯೇ? ಉಮಾ ಆ ಮಡಿಕೆಯನ್ನೇ ನೋಡುತ್ತಾ ಎರಡು ಗುಟುಕು ನೀರು ಕುಡಿದಳು. ಲೋಟ ಕೆಳಗಿಟ್ಟಳು.

"ಸರ್, ಇದನ್ನು ಕೈಯಲ್ಲಿ ತೆಗೆದುಕೊಂಡು ನೋಡಬಹುದೇ?"

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ನೋಡಿ" ಎಂದರು.

ಕಬ್ಬಿಣದ ಭಾರಕ್ಕೆ ತಯಾರಾಗಿ ಉಮಾ ಎರಡೂ ಕೈ ಹಾಕಿ ಎತ್ತಿದಳು. ಚಕ್ರ ಸರ್ರನೆ ಮೂಗಿನವರೆಗೆ ಬಂತು, ತುಂಬಿದೆ ಎಂದುಕೊಂಡು ಎತ್ತಿದ ಖಾಲಿ ಕೊಡದ ಹಾಗೆ. ಅವಳು ಫಕ್ಕನೆ ನಕ್ಕಳು. ಇಂಗ್ಲಿಷ್ ಎಲ್ಲಿ ಹೋಯಿತೋ.

"ಅಯ್ಯ, ಇದು ಕಟಗಿ ಐತ್ರೀ ಸರ್!"

ಬಣ್ಣ ಸುಲಿದ ಒಂದು ಕಡೆ ಮೂಸಿ ನೋಡಿದಳು. "ಸಾಗವಾನಿ. ಇದು ಎರಕ ಹೊಯ್ಯಾಕ ಮಾಡಿದ ಮರದ ಮಾದರಿ ರೀ. ಇದನ್ನ ಉಸುಕಿನ್ಯಾಗ ಒತ್ತಿ ಅಚ್ಚು ತಗೀತಾರ. ಲೋಹ ಆರಿದ ಮ್ಯಾಲೆ ಕುಗ್ಗತೈತಿ, ಅದಕ್ಕ ಇದು ಅಸಲಿಗಿಂತ ಒಂದೀಟು ದೊಡ್ಡದಿರತೈತಿ. ಪಂಪಿಗೆ ಹಾಕಿದ್ರ ಹೊಂದೂದಿಲ್ಲ. ಹೊಂದಿದ್ರೂ ಸಂಜಿಮಟ ಉಳಿಯೂದಿಲ್ಲ."

ಸಾಹೇಬರೂ ಕನ್ನಡಕ್ಕೆ ಇಳಿದರು. "ಸಾಗವಾನಿ ವಾಸನಿ ನಿನಗ ಹೆಂಗ ಗೊತ್ತವಾ?"

"ನಮ್ಮಪ್ಪ ಬಡಿಗ್ಯಾರ್ರಿ. ಬಾಗಲಾ, ಕಿಡಕಿ ಮಾಡ್ತಾರ."

"ಮೊದಲ ಹಂಗ ಹೇಳೂದಲ್ಲೇನು? ಅದರಾಗ ಮುಚ್ಚಿಡೂದೇನೈತಿ?"

ಪೆನ್ನು ಕೈಗೆ ತೆಗೆದುಕೊಂಡರು. ತೆಗೆದುಕೊಂಡವರು ಹಾಗೆಯೇ ತಡೆದರು. "ಇಲ್ಲಿತನಕಾ ಯಾರೂ ಇದನ್ನ ಮುಟ್ಟಲಿಲ್ಲ. ನಿನಗ ಯಾರರ ಹೇಳಿದ್ರೇನು?"

ಅನುಮಾನದ ಸ್ವರ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ ಸ್ವರ. ಇಲ್ಲ ಎಂದುಬಿಡು, ಎಂದೆ. ಕೆಲಸ ಕೈಗೆ ಬಂದಿದೆ, ಇಲ್ಲ ಎಂಬ ಒಂದು ಮಾತು ಸಾಕು. ಉಮಾಳ ಎದೆ ಎರಡು ಸಲ ಹೊಡೆದುಕೊಂಡಿತು. ಅವಳು ಒಳಗಿಸೆಗೆ ಕೈ ಹಾಕಿ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಹೌದ್ರಿ. ನನ್ನಕಿಂತ ಮೊದಲ ಬಂದಿದ್ದ ಪವಿತ್ರಾ ಬರದುಕೊಟ್ಟಾಳ. ಆದ್ರ ಕಟಗಿ ಅಂತ ಹೇಳಿಲ್ರಿ."

ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. ಹೊಡೆದುಹಾಕಿದ ಪದಗಳನ್ನು ಬೆಳಕಿಗೆ ಹಿಡಿದು ನೋಡಿದರು. ಮೊದಲಿನ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟರು. "ಆತು, ಹೋಗು" ಎಂದರು. ಆ ಮುಖದಿಂದ ಏನನ್ನೂ ಓದಲಾಗಲಿಲ್ಲ.

ಸಂಜೆ ನೋಟಿಸು ಬೋರ್ಡಿನಲ್ಲಿ ಉಮಾಳ ಹೆಸರು ಬಂತು. ಪವಿತ್ರಾ ಕೋಣೆಗೆ ಓಡಿಬಂದು ಅವಳನ್ನು ತಬ್ಬಿದಳು. ನಾನಿನ್ನೂ ಉಮಾಳ ಮೈಮೇಲೆಯೇ ಇದ್ದೆ. ಇಬ್ಬರ ನಡುವೆ ಸಿಕ್ಕಿಕೊಂಡು, ಪವಿತ್ರಾಳ ಎದೆಬಡಿತದಲ್ಲಿ ಹೊಟ್ಟೆಕಿಚ್ಚೇನಾದರೂ ಇದೆಯೇ ಎಂದು ಕಿವಿಗೊಟ್ಟೆ. ದುಃಖ ಇತ್ತು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

"ನಿನ್ನ ಚೀಟಿ ನಾ ಮೊದಲ ನಂಬಿದ್ದಿಲ್ಲಲೇ" ಎಂದಳು ಉಮಾ.

"ಗೊತ್ತೈತಿ. ನಿನ್ನ ಮಾರಿ ನೋಡಿದ್ನೆಲ್ಲ, ಹಾವು ಕಂಡಂಗ ಮಾಡಿದ್ದಿ."

"ಕಟಗಿ ಅಂತ ಬರೀಬಹುದಿತ್ತಲ್ಲ? ಏನೋ ಬರದು ಹೊಡದಿದ್ದಿ."

"ಅದನ್ನ ಬರದು ಹೊಡದೆ. ಹಂಗ ಬಿಟ್ಟಿದ್ರ ಅದು ನನ್ನ ಉತ್ತರ ಆಗ್ತಿತ್ತು, ನೀ ಗಿಳಿಗತೆ ಒಪ್ಪಿಸ್ತಿದ್ದಿ. ನಿನಗ ಕಟಗಿ ಬಗ್ಗೆ ನಾ ಹೇಳಬೇಕೇನ?" ಪವಿತ್ರಾ ಕಣ್ಣೊರೆಸಿಕೊಂಡಳು. "ಫೈಲು ಬಡದ ಸಪ್ಪಳಕ್ಕ ಕಟಗಿ ಅಂತ ನನಗ ತಿಳಿಯೂದರಾಗ ಅವ್ರು ಥ್ಯಾಂಕ್ಯೂ ಅಂದಿದ್ರು. ಅದೇ ಒಂದು ಸಿಟ್ಟು. ತಿರುಗಿ ಕುಂತು ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಉಮಾ ನನ್ನನ್ನು ಬಿಚ್ಚಿ ಮೊಳೆಗೆ ಹಾಕಿದಳು. ಇಬ್ಬರೂ ಒಂದೇ ಮಂಚದಲ್ಲಿ ಗೋಡೆಗೆ ಒರಗಿ ಕೂತರು. ಪವಿತ್ರಾಗೆ ಜುಲೈನಲ್ಲಿ ಧಾರವಾಡದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಆಮೇಲೆ ಕೇಳಿದೆ. ಅಲ್ಲಿಗೆ ಅವಳು ಕೋಟು ಇಲ್ಲದೆಯೇ ಹೋಗಿದ್ದಳಂತೆ.

ಅದಾದ ಮೇಲೆ ಎಷ್ಟೋ ಹುಡುಗಿಯರು ಬಂದರು. ನಡುವೆ ಎರಡು ವರ್ಷ ಸಂದರ್ಶನಗಳು ಕಂಪ್ಯೂಟರಿನಲ್ಲೇ ನಡೆದವು. ಆಗ ಮೇಲೆ ನನ್ನನ್ನು, ಕೆಳಗೆ ನೈಟ್ ಪ್ಯಾಂಟನ್ನು ತೊಟ್ಟು ಕೂರುತ್ತಿದ್ದರು. ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಕೋಟು ಬಂತು. ನನ್ನ ಕಂಕುಳ ಹೊಲಿಗೆ ಬಿಟ್ಟಿತು, ಕಪ್ಪು ಬಣ್ಣ ಕಂದಿತು. ಈಗ ನಾನು ಹಾಸ್ಟೆಲಿನ ಅಡಿಗೆಮನೆಯಲ್ಲಿದ್ದೇನೆ. ರೊಟ್ಟಿ ಬಡಿಯುವ ಗಂಗವ್ವ ಚಳಿಗಾಲದ ಮುಂಜಾನೆ ಸೀರೆಯ ಮೇಲೆ ನನ್ನನ್ನು ತೊಟ್ಟುಕೊಳ್ಳುತ್ತಾಳೆ. ತೋಳಿಗೆ ಜೋಳದ ಹಿಟ್ಟು, ಕೊರಳಿಗೆ ಹೊಗೆಯ ವಾಸನೆ.

ಮೊನ್ನೆ ಒಬ್ಬ ಹುಡುಗಿ ನಾಷ್ಟಕ್ಕೆ ಬರಲಿಲ್ಲ. ಹಿಂದಿನ ದಿನ ಸಂದರ್ಶನದಲ್ಲಿ ಸೋತವಳು, ಬಾಗಿಲು ಹಾಕಿಕೊಂಡು ಮಲಗಿದ್ದಾಳೆ ಎಂದು ಗೆಳತಿಯರು ಹೇಳಿದರು. ಗಂಗವ್ವ ಬಿಸಿ ರೊಟ್ಟಿ ಎರಡು ತೆಗೆದು, ನಡುವೆ ಬದನೆಕಾಯಿ ಪಲ್ಯ ಇಟ್ಟು ಬಟ್ಟೆಯಲ್ಲಿ ಸುತ್ತಿ ಅವರಲ್ಲೊಬ್ಬಳ ಕೈಗಿತ್ತಳು.

"ಬಾಗಲದಾಗ ಇಟ್ಟು ಬಾ ತಂಗಿ. ಎಬ್ಬಿಸಬ್ಯಾಡ. ಯಾರು ಕೊಟ್ರಂತನೂ ಹೇಳಬ್ಯಾಡ, ನಾಚ್ತಾಳ ಕೂಸು."

ರೂಢಿಯಂತೆ ನಾನು ಹುಡುಕಲು ಶುರುಮಾಡಿದೆ. ಇದರಿಂದ ಗಂಗವ್ವನಿಗೆ ಏನು ಬರಬೇಕಾಗಿದೆ? ಆ ಹುಡುಗಿಯ ಹೆಸರೂ ಅವಳಿಗೆ ಗೊತ್ತಿಲ್ಲ. ಅವಳ ಬೆನ್ನಿಗೆ, ಎದೆಗೆ ಒತ್ತಿಕೊಂಡೇ ಇದ್ದೆ, ಏನಾದರೂ ಮುಚ್ಚಿಟ್ಟಿದ್ದರೆ ನನಗೆ ತಿಳಿಯದೆ ಇರುತ್ತಿರಲಿಲ್ಲ. ಒಲೆ ಉರಿಯುವಷ್ಟು ಹೊತ್ತೂ ಹುಡುಕಿದೆ. ಕಾರಣ ಸಿಗಲಿಲ್ಲ. ಗಂಗವ್ವ ಮುಂದಿನ ರೊಟ್ಟಿಗೆ ಹಿಟ್ಟು ಹಿಡಿದಳು, ನಾನು ಹುಡುಕುವುದನ್ನು ಬಿಟ್ಟೆ.